ಎಡಗಡೆಯ ಸೀಟು

ನಮ್ಮ ಮನೆಯ ಅತ್ಯುತ್ತಮ ಕೋಣೆಯಲ್ಲಿ ವಾಸವಾಗಿದ್ದದ್ದು ಒಂದು ಕಾರು. ಇದು ಉತ್ಪ್ರೇಕ್ಷೆ ಎಂದು ಅಪ್ಪ ಈಗಲೂ ತಕರಾರು ತೆಗೆಯುತ್ತಾನೆ. ಆದ್ದರಿಂದ ಸಾಕ್ಷ್ಯವನ್ನು ಮೊದಲೇ ಮಂಡಿಸಿಬಿಡುತ್ತೇನೆ. ಪಾಂಡವಪುರದ ಆ ಮನೆಯಲ್ಲಿ ನಡುಮನೆಯ ಗಾರೆ ಅಲ್ಲಲ್ಲಿ ಕಿತ್ತುಬಂದಿತ್ತು. ಅಡುಗೆಮನೆಗೆ ಒಂದೇ ಕಿಟಕಿ, ಅದೂ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿದ್ದು. ನಾನೂ ಅಜ್ಜಿಯೂ ಮಲಗುತ್ತಿದ್ದ ಕೋಣೆಯ ಒಂದು ಮೂಲೆ ಮಳೆಗಾಲವಿಡೀ ಬೆವರುತ್ತಿತ್ತು. ಆದರೆ ಬೀದಿಯ ಕಡೆಗಿದ್ದ ಹಳೆಯ ಕೊಟ್ಟಿಗೆಗೆ ಗ್ರಾನೈಟು ನೆಲ, ಟ್ಯೂಬ್‌ಲೈಟು, ಬಿಸಿಗಾಳಿ ಹೊರಹಾಕುವ ಫ್ಯಾನು, ಇಲಿ ನುಗ್ಗದಂತೆ ಬಾಗಿಲಿನ ಕೆಳಗೆ ರಬ್ಬರು ಪಟ್ಟಿ. ಅಲ್ಲಿದ್ದ ಹಸುಗಳನ್ನು ಹಿತ್ತಲಿನ ಶೀಟಿನ ಚಪ್ಪರಕ್ಕೆ ಸಾಗಿಸಲಾಗಿತ್ತು. ಅವೂ ನನ್ನಂತೆಯೇ ಆ ಕೋಣೆಯ ಕಡೆ ನೋಡುತ್ತಾ ಮೆಲುಕು ಹಾಕುತ್ತಿದ್ದವು ಎಂದು ನನ್ನ ಅನುಮಾನ.

ಅಪ್ಪನದು ಆಲೆಮನೆ, ಜೊತೆಗೆ ಕಬ್ಬು ಸಾಗಿಸುವ ಲಾರಿ. ಮದುವೆಗೆ ಮುಂಚೆ ಲಾರಿಯನ್ನು ಅವನೇ ಓಡಿಸುತ್ತಿದ್ದ. ಮಾಕವಳ್ಳಿ ಸಕ್ಕರೆ ಫ್ಯಾಕ್ಟರಿಯ ಮುಂದೆ ಲಾರಿಗಳ ಸಾಲಿನಲ್ಲಿ ಹಗಲೆಲ್ಲ ನಿಂತು, ಗಾಡಿಯ ಕೆಳಗೇ ಉಂಡು, ಅಲ್ಲೇ ಒರಗಿ, ಸಾಲು ಒಂದು ಗೇಣು ಸರಿದಾಗ ಎದ್ದು ಒಂದು ಗೇಣು ಸರಿಸಿ ಮತ್ತೆ ಒರಗಿದವನು. ಅಷ್ಟು ನಿಧಾನವನ್ನು ಉಂಡವನಿಗೆ ವೇಗದ ಹಸಿವು ಹುಟ್ಟಿದ್ದು ಸಹಜ ಎಂದು ಈಗ ವಾದಿಸಬಲ್ಲೆ. ಆಗ ನನಗೆ ಕಂಡದ್ದು ಇಷ್ಟೇ: ನಾನು ಐದನೇ ಕ್ಲಾಸಿನಲ್ಲಿದ್ದಾಗ ಬೆಂಗಳೂರಿನಲ್ಲಿ ಯಾರೋ ಓಡಿಸಿ ಬೇಸತ್ತ ಒಂದು ಸ್ಪೋರ್ಟ್ಸ್ ಕಾರು ಟ್ರಕ್ಕಿನ ಮೇಲೆ ಮಲಗಿಕೊಂಡು ಬಂದು ನಮ್ಮ ಬೀದಿಗೆ ಇಳಿಯಿತು. ಅರಿಶಿನದಷ್ಟು ಹಳದಿ. ಅಪ್ಪನ ಎದೆಯವರೆಗೂ ಬರದಷ್ಟು ಕುಳ್ಳು. ಇಂಜಿನ್ನು ಬೆನ್ನ ಹಿಂದೆ, ಡಿಕ್ಕಿ ಮೂತಿಯಲ್ಲಿ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ಬೀದಿಯ ಜನರಲ್ಲಿ ಮೊದಲು ಗಮನಿಸಿದವಳು ನಾನೇ. ಅದಕ್ಕೆ ಇದ್ದದ್ದು ಎರಡೇ ಸೀಟು. ನಾವಿದ್ದದ್ದು ನಾಲ್ಕು ಜನ. ಬಲಗಡೆಯದು ಅಪ್ಪನದು, ಅದರ ಬಗ್ಗೆ ವಿವಾದವಿಲ್ಲ. ನನ್ನ ಬಾಲ್ಯದ ಉಳಿದ ಭಾಗವೆಲ್ಲ ಎಡಗಡೆಯ ಸೀಟಿನ ವ್ಯಾಜ್ಯದಲ್ಲಿ ಕಳೆಯಿತು.

ಆ ಕಾರಿಗೆ ನಡೆಯುತ್ತಿದ್ದ ಉಪಚಾರವನ್ನು ನೋಡುತ್ತಾ ಬೆಳೆದವಳಿಗೆ ಹೊಟ್ಟೆಕಿಚ್ಚನ್ನು ಯಾರೂ ಕಲಿಸಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಅದಕ್ಕೆ ಅಭ್ಯಂಜನ. ಎರಡು ಬಕೆಟ್ಟು: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಒಂದೇ ಬಕೆಟ್ಟಿಗೆ ಅದ್ದಿ ಅದ್ದಿ ಒರೆಸಿದರೆ ಮರಳಿನ ಕಣ ಬಣ್ಣಕ್ಕೆ ಗೀರು ಹಾಕುತ್ತದಂತೆ. ಮೇಲಿನಿಂದ ಕೆಳಕ್ಕೆ ತೊಳೆಯಬೇಕು, ಬಿಸಿಲಿನಲ್ಲಿ ತೊಳೆಯಬಾರದು, ಒರಟು ಟವೆಲು ತಾಗಿಸಬಾರದು. ಅದೇ ಭಾನುವಾರ ಅವ್ವ ನನ್ನ ತಲೆಗೆ ಸೀಗೆಪುಡಿ ತಿಕ್ಕುತ್ತಿದ್ದಳು. ಕಣ್ಣಿಗೆ ಬಿದ್ದು ನಾನು ಕಿರುಚಿದರೆ ನನ್ನ ಬೆನ್ನಿಗೊಂದು ಗುದ್ದು. ನನಗೆ ಜ್ವರ ಬಂದರೆ ಅಪ್ಪನ ಅಂಗೈಯೇ ಥರ್ಮಾಮೀಟರು. ಕಾರಿನ ಚಕ್ರಕ್ಕೆ ಮಾತ್ರ ಗಾಳಿ ಅಳೆಯುವ ಮೀಟರು, ಅದೂ ಚಕ್ರ ತಣ್ಣಗಿರುವಾಗ ನೋಡಬೇಕು. ಓಡಿಸದ ದಿನಗಳಲ್ಲಿ ಬ್ಯಾಟರಿ ಸೊರಗದಿರಲೆಂದು ಒಂದು ಪುಟ್ಟ ಚಾರ್ಜರಿನಿಂದ ಗುಟುಕು ಗುಟುಕಾಗಿ ಕರೆಂಟು ಕುಡಿಸುತ್ತಿದ್ದ. ವೈರು ಕಡಿಯುವ ಇಲಿಗಳಿಗೆಂದು ಇಂಜಿನ್ನಿನ ಸುತ್ತ ಹೊಗೆಸೊಪ್ಪು. ಕಬ್ಬಿನ ಕಾಲ ಬಂತೆಂದರೆ ಊರಿನ ಆಲೆಮನೆಗಳ ಮಸಿ ಹಾರಿ ಬಂದು ಅಂಗಳದಲ್ಲೆಲ್ಲ ಕೂರುತ್ತಿತ್ತು; ತನ್ನದೇ ಒಲೆಯ ಮಸಿಯನ್ನು ತನ್ನದೇ ಕಾರಿನ ಮೇಲಿನಿಂದ ಅಪ್ಪ ಉಫ್ ಉಫ್ ಎಂದು ಊದಿ ತೆಗೆಯುತ್ತಿದ್ದ, ಉಜ್ಜುತ್ತಿರಲಿಲ್ಲ. ಅವನ ಅಂಗಿಗೆ ಅಂಟಿದ ಬೆಲ್ಲದ ಜಾಡು ಹಿಡಿದು ಇರುವೆಗಳು ಸೀಟಿಗೆ ಬಂದಾಗ, ಆಲೆಮನೆಯಿಂದ ಬಂದವನು ಸ್ನಾನ ಮಾಡಿದ ಮೇಲೆಯೇ ಕಾರು ಮುಟ್ಟುವ ಮಡಿ ಶುರುವಾಯಿತು. ದೇವರ ಕೋಣೆಗೆ ಆ ಮಡಿ ಇರಲಿಲ್ಲ.

ಅದನ್ನು ಹೊರಗೆ ತೆಗೆಯುವುದೂ ಒಂದು ವಿಧಿ. ಕೀಲಿ ತಿರುಗಿಸಿದ ಕೂಡಲೇ ಹೊರಡುವಂತಿಲ್ಲ. ಒಳಗಿನ ಎಣ್ಣೆ ಬೆಚ್ಚಗಾಗಬೇಕು. ಅಪ್ಪ ಕಾರಿನ ಹಿಂದೆ ಹೋಗಿ, ಕೈಕಟ್ಟಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆ ಹೊತ್ತಿನಲ್ಲಿ ಕರೆದರೆ ಅವನಿಗೆ ಕೇಳುತ್ತಿರಲಿಲ್ಲ. ಅವ್ವ ಹಿಡಿದು ನಿಂತ ಕಾಫಿ ಆರುತ್ತಿತ್ತು.

ಅವ್ವ ಆ ಸೀಟಿಗೆ ಎಂದೂ ಅರ್ಜಿ ಹಾಕಲಿಲ್ಲ. ‘ತೊಟ್ಲಲ್ಲಿ ಕೂತಂಗಾಯ್ತದೆ, ನಂಗ್ಬ್ಯಾಡ’ ಎಂದು ಒಂದೇ ಸಲ ಹೇಳಿ ಮುಗಿಸಿದ್ದಳು. ಆದರೆ ಒಂದು ಬೇಸಿಗೆಯಲ್ಲಿ, ಅಪ್ಪ ಸುತ್ತಾಡಿಸಿ ತಂದು ಅಂಗಳದಲ್ಲಿ ನಿಲ್ಲಿಸಿದ್ದ ಕಾರಿನ ಮೇಲೆ ಹೊದಿಕೆ ಹೊದಿಸಿ, ಆ ಹೊದಿಕೆಯ ಮೇಲೆ ಹಳೆಯ ಸೀರೆ ಹಾಸಿ, ಸಂಡಿಗೆ ಇಟ್ಟುಬಿಟ್ಟಳು. ಹಿಂದಿನಿಂದ ಬರುವ ಇಂಜಿನ್ನಿನ ಶಾಖ, ಮೇಲಿನಿಂದ ಬಿಸಿಲು. ಅಷ್ಟು ಬೇಗ ಒಣಗುವ ಜಾಗ ಇಡೀ ಪಾಂಡವಪುರದಲ್ಲಿರಲಿಲ್ಲ. ಊಟಕ್ಕೆ ಬಂದ ಅಪ್ಪ ನೋಡಿದವನೇ ಕಲ್ಲಾದ.

‘ಯಾರ್ ಇದ ಮಾಡ್ದೋರು?’

‘ಮಾಡ್ದೋಳು ನಾನು. ತಿನ್ನೋನು ನೀನು’ ಅಂದಳು ಅವ್ವ.

‘ಬಣ್ಣ ಓಯ್ತದೆ ಕಣೇ!’

‘ನನ್ನ ಬಣ್ಣ ಓಗಿ ಏಸೊ ವರ್ಸ ಆಯ್ತು. ಅದ ಯಾರ್ ಕೇಳವ್ರೆ?’

ಅವತ್ತು ಅಪ್ಪ ಮುದ್ದೆ ಮುರಿಯದೆ ಎದ್ದು ಹೋದ. ಅವ್ವ ಒಂದೊಂದಾಗಿ ಸಂಡಿಗೆ ಕಿತ್ತು ಮೊರಕ್ಕೆ ಹಾಕಿಕೊಂಡಳು, ಏನೋ ಗುನುಗುತ್ತಾ. ಗೆದ್ದವರು ಯಾರು ಎಂದು ನನಗೆ ತೀರ್ಮಾನಿಸಲಾಗಲಿಲ್ಲ. ಒಂದು ಮಾತ್ರ ಖಚಿತವಾಯಿತು: ನಮ್ಮ ಮನೆಯಲ್ಲಿ ಅಪ್ಪನಿಗೆ ನೋವು ಮಾಡಬೇಕೆಂದರೆ ಎಲ್ಲಿ ಮುಟ್ಟಬೇಕು ಎಂಬುದು ಅವ್ವನಿಗೂ ಗೊತ್ತಿತ್ತು. ಆ ಜಾಗ ನಾನಲ್ಲ.

ಎಡಗಡೆಯ ಸೀಟನ್ನು ಗೆದ್ದುಕೊಂಡವಳು ಅಜ್ಜಿ, ಅಪ್ಪನ ತಾಯಿ. ಶನಿವಾರ ಶನಿವಾರ ಕರಿಘಟ್ಟದ ವೆಂಕಟರಮಣನ ದರ್ಶನ ಅವಳ ವ್ರತ. ಮೊದಲು ಶ್ರೀರಂಗಪಟ್ಟಣದ ಬಸ್ಸು ಹತ್ತಿ ಹೋಗುತ್ತಿದ್ದಳು. ಕಾರು ಬಂದ ಮೇಲೆ, ಮಣೆಯ ಮೇಲೆ ಕೂರುವಂತೆ ಅದರೊಳಗೆ ಸಲೀಸಾಗಿ ಇಳಿದು, ಕಾಲು ಚಾಚಿ, ಬೆಲ್ಟಿನ ಕೊಂಡಿಯನ್ನು ಕ್ಲಿಕ್ ಅನ್ನಿಸುವುದನ್ನು ಕಲಿತಳು. ಏಳುವುದು ಮಾತ್ರ ಅವಳ ಕೈಲಾಗುತ್ತಿರಲಿಲ್ಲ. ಬೆಟ್ಟದ ಮೇಲೆ ಜನ ಸುತ್ತುಗಟ್ಟಿ ನೋಡುತ್ತಿರುವಾಗ ಎರಡೂ ಕೈ ಮೇಲೆತ್ತಿ ‘ಎತ್ಲಾ ಸಿದ್ದ’ ಎನ್ನುತ್ತಿದ್ದಳಂತೆ; ಅಪ್ಪ ಕೂಸನ್ನು ಎತ್ತಿದಂತೆ ಎತ್ತುತ್ತಿದ್ದನಂತೆ. ಈ ‘ಅಂತೆ’ಗಳೇ ನನ್ನ ಪಾಲು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ, ಬ್ಯಾಗಿನ ಭಾರಕ್ಕೆ ಓರೆಯಾಗಿ ನಿಂತು ಬಸ್ಸು ಕಾಯುತ್ತಿರುವಾಗ, ರಸ್ತೆಯ ಆ ತುದಿಯಿಂದ ಮೊದಲು ಗುಡುಗು ಬರುತ್ತಿತ್ತು, ಆಮೇಲೆ ಹಳದಿ ಬರುತ್ತಿತ್ತು. ಹಂಪು ಬಂದಲ್ಲಿ ಅಪ್ಪ ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸುತ್ತಿದ್ದ; ನೇರ ಹೋದರೆ ಮೂತಿ ಉಜ್ಜುತ್ತದೆ. ಆ ಓರೆಯಲ್ಲಿ ಎಡಗಡೆಯ ಕಿಟಕಿ ಸರಿಯಾಗಿ ನನ್ನ ಕಡೆ ತಿರುಗುತ್ತಿತ್ತು. ಹಣೆಗೆ ಕುಂಕುಮ ಹಚ್ಚಿದ ತುಳಸಿ ವಾಸನೆಯ ಮುದುಕಿ ನನಗೆ ಕೈಬೀಸುತ್ತಿದ್ದಳು. ಗೆಳತಿಯರು ‘ಲೇ, ನಿಮ್ಮಜ್ಜಿ ಕಣೇ’ ಎಂದು ಕುಣಿಯುತ್ತಿದ್ದರು. ನಾನು ಎದುರಿನ ಗೊಬ್ಬರದಂಗಡಿಯ ಬೋರ್ಡನ್ನು ಓದುತ್ತಿದ್ದೆ.

ಅಷ್ಟರಲ್ಲಿ ಸ್ಕೂಲಿನ ಚರ್ಚಾಕೂಟಕ್ಕೆ ಸೇರಿದ್ದೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ನೀನೇ ಹೇಳು, ಆಮೇಲೆ ಮುರಿ ಎಂದು ಕಲಿಸಿದ್ದರು. ಒಂದು ಭಾನುವಾರ ಊಟವಾದ ಮೇಲೆ ನಡುಮನೆಯಲ್ಲಿ ಅಪ್ಪನನ್ನು ತೀರ್ಪುಗಾರನ ಜಾಗದಲ್ಲಿ ಕೂರಿಸಿ, ‘ಎಡಗಡೆಯ ಸೀಟನ್ನು ಸರದಿಯ ಪ್ರಕಾರ ಹಂಚತಕ್ಕದ್ದು’ ಎಂಬ ವಿಷಯ ಮಂಡಿಸಿದೆ. ಅಜ್ಜಿಯ ಪಕ್ಷವನ್ನು ಮೊದಲು ನಾನೇ ಹೇಳಿದೆ: ವಯಸ್ಸು, ಮಂಡಿನೋವು, ಭಕ್ತಿ. ಆಮೇಲೆ ಮುರಿದೆ: ಮಂಡಿನೋವಿದ್ದವರಿಗೆ ಎತ್ತರದ ಬಸ್ಸಿನ ಸೀಟೇ ವಾಸಿ, ಭಕ್ತಿಗೆ ವೇಗ ಬೇಕಿಲ್ಲ, ದೇವರು ಎಲ್ಲೆಡೆ ಇದ್ದರೆ ಕರಿಘಟ್ಟಕ್ಕೇ ಹೋಗಬೇಕೆಂಬ ಹಟ ಯಾಕೆ? ಅವ್ವ ಬಾಗಿಲ ಬಳಿ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಅಜ್ಜಿ ಎಲೆಗೆ ಸುಣ್ಣ ಸವರಿ, ಮಡಿಚಿ, ದವಡೆಗೆ ತುರುಕಿದಳು.

‘ಆಯ್ತಾ ನಿಂದು? ಈಗ ನಾನ್ ಯೋಳ್ತೀನಿ ಕೇಳಮ್ಮಿ. ಈ ನನ್ಮಗನ್ನ ಒಂಬತ್ ತಿಂಗ್ಳು ಒಟ್ಟೇಲಿ ಒತ್ಕೊಂಡು ತಿರುಗ್ದೆ. ಕಳೆ ಕೀಳಕ್ ಓದಾಗ್ಲೂ ಒತ್ಕೊಂಡೇ ಓದೆ. ಸರದಿ ಮಾಡ್ಕೊಳವ ಬಾ ಅಂತ ಯಾರಾರ ಬಂದಿದ್ರಾ? ಈಗ ಇವ್ನು ನನ್ನ ಒತ್ಕೊಂಡು ತಿರುಗ್ಲಿ. ತೀರೋಯ್ತು.’

ತೀರಿಯೇ ಹೋಯಿತು. ಅಪ್ಪ ತೀರ್ಪು ಹೇಳುವುದಕ್ಕೂ ನಿಲ್ಲದೆ, ಕಣ್ಣೊರೆಸಿಕೊಂಡು ಎದ್ದು ಕೊಟ್ಟಿಗೆಗೆ ಹೋದ. ಇದು ತರ್ಕವಲ್ಲ, ಕರುಳು ಹಿಡಿದು ಜಗ್ಗುವುದು, ನಿಯಮಬಾಹಿರ ಎಂದು ನಾನು ಕೂಗಿದೆ. ಕೇಳಲು ನಡುಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅವತ್ತಿನಿಂದ ಅಜ್ಜಿಯ ಪಕ್ಕದಲ್ಲಿ ಮಲಗಿದರೂ ಗೋಡೆಯ ಕಡೆಗೆ ತಿರುಗಿ ಮಲಗತೊಡಗಿದೆ. ಅವಳು ನನ್ನ ಮೇಲೆ ಕಂಬಳಿ ಎಳೆದರೆ ಒದ್ದು ಸರಿಸುತ್ತಿದ್ದೆ, ಚಳಿಯಲ್ಲೂ.

ಒಂಬತ್ತನೇ ಕ್ಲಾಸಿನಲ್ಲಿ ನಾಗಮಂಗಲದ ಒಂದು ಶಾಲೆಯಲ್ಲಿ ನಡೆಯುವ ಚರ್ಚಾಸ್ಪರ್ಧೆಗೆ ಆಯ್ಕೆಯಾದೆ. ದಿನ ನೋಡಿದರೆ ಶನಿವಾರ. ರಾತ್ರಿಯ ಊಟದಲ್ಲಿ ನಾನು ಈ ಸುದ್ದಿ ಹೇಳಿ, ಮುದ್ದೆಯನ್ನು ಸಾರಿನಲ್ಲಿ ಉರುಳಿಸತೊಡಗಿದೆ. ನನ್ನ ಜೀವಮಾನದಲ್ಲಿ ವಾದವಿಲ್ಲದೆ ಕಾದ ಮೊದಲ ಹೊತ್ತು ಅದು. ಅಪ್ಪ ಅಜ್ಜಿಯ ಮುಖ ನೋಡಿದ.

‘ಎಂಕಟ್ರಮಣ ಎಲ್ಗೂ ಓಗಕಿಲ್ಲ, ಮುಂದಿನ ವಾರಾನೂ ಅಲ್ಲೇ ಇರ್ತನೆ. ಕರ್ಕೊಂಡೋಗ್ಲಾ ಇವ್ಳ’ ಅಂದಳು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿ, ‘ಕೂತ್ಕೊಂಡ್ ನೋಡಮ್ಮಿ ಒಂದ್ಸಲ. ಅಲ್ಲೇನ್ ಸಿಕ್ತದೋ, ನಿಂಗೂ ಗೊತ್ತಾಗ್ಲಿ.’

ದಾನವಾಗಿ ಸಿಕ್ಕ ಗೆಲುವು. ಆದರೂ ಶನಿವಾರ ಬೆಳಿಗ್ಗೆ ಆ ಸೀಟಿಗೆ ಇಳಿದಾಗ ಬೀದಿಯೆಲ್ಲ ನನ್ನ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಯಿತು, ಬೆನ್ನ ಹಿಂದೆ ಇಂಜಿನ್ನು ಉಸಿರಾಡಿತು, ನನಗೆ ಅಳುವೇ ಬಂತು. ಅಪ್ಪನಿಗೆ ಹೇಳಬೇಕಾದದ್ದನ್ನು ನಾನು ವರ್ಷಗಟ್ಟಲೆ ಕೂಡಿಟ್ಟಿದ್ದೆ. ಅದರ ಜೊತೆಗೆ ಈಗ ಅವತ್ತಿನ ಸ್ಪರ್ಧೆಯ ವಿಷಯ ‘ಯಂತ್ರ ಮನುಷ್ಯನ ಆಳೋ, ಅರಸೋ’ ಎಂಬುದು, ಚೀಟಿ ಎತ್ತಿದಾಗ ನನ್ನ ಪಾಲಿಗೆ ‘ಆಳು’ ಬಂದದ್ದು, ನಮ್ಮ ಮನೆಯಲ್ಲಿ ಬೆಳೆದವಳು ಅದನ್ನು ಯಾವ ಮುಖ ಹೊತ್ತು ಸಾಧಿಸಬೇಕು ಎಂಬ ನನ್ನ ಕಷ್ಟ. ಊರು ದಾಟುತ್ತಿದ್ದಂತೆ ಶುರುಮಾಡಿದೆ.

‘ಅಪ್ಪಾ, ನನ್ನ ಮೊದಲನೇ ಪಾಯಿಂಟು—’

‘ಸುಮ್ಕಿರವ್ವ ವಸಿ. ಮೂರ್ನೇ ಗೇರಲ್ಲಿ ಒಂದ್ ಸದ್ದು ಬತ್ತಾ ಅದೆ. ಕೇಳ್ಬೇಕು.’

ಮೂರನೇ ಗೇರು ಮುಗಿದ ಮೇಲೆ ನಾಲ್ಕನೆಯದು. ಅವನು ಕೇಳುತ್ತಿದ್ದ. ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ, ನನ್ನ ಕಡೆಗಿದ್ದ ಕಿವಿಯನ್ನೂ ಬೆನ್ನ ಹಿಂದಕ್ಕೆ ಕೊಟ್ಟು. ಈ ಸೀಟಿನಲ್ಲಿ ವಾರವಾರವೂ ಅಜ್ಜಿಗೆ ಸಿಗುತ್ತಿದ್ದದ್ದು ಇದೇ ಎಂದು ಆಗ ಗೊತ್ತಾಯಿತು. ಅವಳಿಗೆ ಸಾಕಾಗುತ್ತಿತ್ತು. ಹೆತ್ತವಳಿಗೆ ಮಗನ ಪಕ್ಕ ಸುಮ್ಮನೆ ಕೂತರೆ ಸಾಕಿರಬಹುದು. ನನಗೆ ಸಾಲದು.

ನಾಲೆಯ ಬಯಲು ಹಿಂದೆ ಬಿದ್ದು, ಕಬ್ಬು ಮುಗಿದು ತೆಂಗು ರಾಗಿಯ ಬೆದ್ದಲು ಶುರುವಾಗಿತ್ತು. ಹುರುಳಿ ಒಕ್ಕಣೆಯ ಕಾಲ. ಆ ಕಡೆಯವರು ಕಿತ್ತ ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೇ ಹರವುತ್ತಾರೆ. ಹೋಗಿ ಬರುವ ಬಸ್ಸು ಲಾರಿಗಳ ಚಕ್ರಕ್ಕೆ ಸಿಕ್ಕಿ ಕಾಯಿ ಒಡೆದು ಕಾಳು ಉದುರುತ್ತದೆ. ಹರವಿದ್ದನ್ನು ಕಂಡು ಗಾಡಿಯನ್ನು ಪಕ್ಕಕ್ಕೆ ಇಳಿಸುವ ಡ್ರೈವರನನ್ನು ನಮ್ಮಲ್ಲಿ ಜಿಪುಣ ಅನ್ನುತ್ತಾರೆ: ಚಕ್ರ ಹೇಗೂ ಉರುಳುತ್ತದೆ, ಬಡವರ ಕಾಳಿನ ಮೇಲೆ ಉರುಳಿಸಲು ನಿನಗೇನು ಕಷ್ಟ? ಲಾರಿ ಓಡಿಸಿದಷ್ಟು ಕಾಲವೂ ಈ ಧರ್ಮ ಪಾಲಿಸಿದ್ದ ಅಪ್ಪ, ದೂರದಲ್ಲಿ ಹುರುಳಿ ಕಂಡವನೇ, ಯೋಚನೆಯನ್ನೇ ಮಾಡದೆ ಕಾರನ್ನು ಸೀದಾ ಅದರ ಮೇಲೆ ಬಿಟ್ಟ. ಲಾರಿಗೆ ಹೊಟ್ಟೆ ಮೇಲಿರುತ್ತದೆ. ನಮ್ಮದು ನೆಲಕ್ಕೆ ಹೊಟ್ಟೆ ಸವರಿಕೊಂಡು ಹೋಗುವ ಜಾತಿ. ಕೆಳಗೆ ಬರಬರ ಸದ್ದಾಯಿತು. ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ನನ್ನ ಮೂಗಿಗೆ ಬಡಿಯಿತು.

‘ಅಪ್ಪಾ, ಏನೋ ಸುಡ್ತಾ ಅದೆ.’

‘ಸುಮ್ಕಿರು ಅಂದ್ನಲ್ಲ. ಕೇಳ್ತಾವ್ನಿ.’

‘ಕಿವಿಗಲ್ಲಪ್ಪಾ, ಮೂಗಿಗೆ!’

ಅವನು ಕನ್ನಡಿ ನೋಡಿದ. ಕನ್ನಡಿ ತುಂಬ ಹೊಗೆ. ಇಬ್ಬರೂ ಹಾರಿ ಇಳಿದೆವು. ಕಾದ ಸೈಲೆನ್ಸರಿನ ಸುತ್ತ ಹುರುಳಿ ಸೊಪ್ಪು ಹುರಿಯಂತೆ ಸುತ್ತಿಕೊಂಡು ಕಿಡಿ ಕಾಣುತ್ತಿತ್ತು. ಹಿಂದಿನಿಂದ ಹುರುಳಿಯ ಯಜಮಾನಿ, ಗಟ್ಟಿಮುಟ್ಟಾದ ಹೆಂಗಸು, ನೀರಿನ ಕೊಡ ಹಿಡಿದು ಓಡಿಬಂದಳು. ಕಂಕುಳಲ್ಲಿ ಕೂಸಿದ್ದ ಅವಳ ಸೊಸೆ ಹಿಂದೆಯೇ.

‘ನೀರ್ ಉಯ್ಬ್ಯಾಡಿ! ಕಾದಿರೋದು, ಬಿರ್ಕೊಂಬುಡ್ತದೆ!’ ಎಂದು ಅಪ್ಪ ಅಡ್ಡ ನಿಂತ.

‘ಉರ್ದೋಗ್ತಾ ಅದೆ, ಈವಯ್ಯಂಗೆ ಬಿರಿಯೋ ಚಿಂತೆ! ಸರ್ಕೊ ಅತ್ಲಾಗೆ!’

ಅವಳು ಕೊಡವನ್ನು ಸೊಸೆಯ ಕೈಗೆ ಕೊಟ್ಟು, ಹುಲ್ಲು ಎಳೆಯುವ ಕೊಕ್ಕೆ ತಂದು ಕಾರಿನ ಕೆಳಗೆ ತೂರಿಸಿದಳು. ಅಪ್ಪ ಇಸ್ತ್ರಿ ಅಂಗಿಯಲ್ಲೇ ರಸ್ತೆಯ ಮೇಲೆ ಅಂಗಾತ ಮಲಗಿ ಬರಿಗೈಯಲ್ಲಿ ಸೊಪ್ಪು ಕಿತ್ತ. ನಾನು ಕಿತ್ತದ್ದನ್ನು ದೂರ ಎಳೆದು ತುಳಿದೆ. ಹೊಗೆ ನಿಂತಾಗ ಕಾರಿಗಿಂತ ಅಪ್ಪನೇ ಹೆಚ್ಚು ಸುಟ್ಟಂತೆ ಕಾಣುತ್ತಿದ್ದ. ಅದು ಪೂರ್ತಿ ಆರುವ ತನಕ ಚಾಲೂ ಮಾಡುವಂತಿಲ್ಲ ಅಂದ. ಅಷ್ಟರಲ್ಲಿ ನಾಗಮಂಗಲದ ಬಸ್ಸು ಬಂದು ಹಾರ್ನು ಬಡಿಯಿತು. ಅಪ್ಪ ಬಸ್ಸನ್ನು ನೋಡಿದ, ಕಾರನ್ನು ನೋಡಿದ. ನನ್ನನ್ನು ಒಬ್ಬಳನ್ನೇ ಹತ್ತಿಸಿ ಕಂಡಕ್ಟರಿಗೆ ಹೇಳಿ ಕಳಿಸುವ ಮಾತು ಅವನ ತುಟಿಯವರೆಗೆ ಬಂದದ್ದು ನನಗೆ ಕಂಡಿತು.

ಯಜಮಾನಿಗೂ ಕಂಡಿರಬೇಕು. ‘ಓಗಯ್ಯಾ, ಮಗೀನ್ ಜೊತೆ ಓಗು. ಬಾಗ್ಲು ತೆಗ್ದು ಬುಟ್ಟೋಗು, ಹೊಗೆ ವಾಸ್ನೆ ಓಗ್ಲಿ. ನಿನ್ನ ಕಾರ ನಾವೇನ್ ಒಕ್ಕಣೆ ಮಾಡ್ಕೊಂಡ್ ತಿಂತೀವಾ?’

ಹೀಗೆ ಅಪ್ಪ ನನ್ನೊಡನೆ ಬಂದ, ಒಬ್ಬ ಅಪರಿಚಿತಳ ಗದರಿಕೆಗೆ. ಸ್ಪರ್ಧೆಯ ಹಾಲಿನಲ್ಲಿ ಕೊನೆಯ ಸಾಲಿನ ಕಿಟಕಿಯ ಪಕ್ಕ ಕೂತ. ನನ್ನ ಹೆಸರು ಕೂಗಿದರು. ‘ಯಂತ್ರಕ್ಕಾಗಿ ನಾವು ಕಾಯುವುದಿಲ್ಲ, ಯಂತ್ರ ನಮಗಾಗಿ ಕಾಯುತ್ತದೆ’ ಎನ್ನುವಲ್ಲಿಗೆ ಬಂದು, ಕಲಿಸಿದ ಹಾಗೆ ಸಭೆಯ ಕೊನೆಯ ಸಾಲನ್ನು ನೋಡಿದೆ. ಅಪ್ಪ ಕಿಟಕಿಯಾಚೆ, ನಾವು ಬಂದ ದಾರಿಯ ದಿಕ್ಕಿಗೆ ನೋಡುತ್ತಿದ್ದ. ಮಸಿ ಹತ್ತಿದ ಕೈಗಳು ತೊಡೆಯ ಮೇಲೆ. ನನ್ನ ಮುಂದಿನ ವಾಕ್ಯ ಬರಲಿಲ್ಲ. ಮರೆತಿರಲಿಲ್ಲ, ನಾಲಗೆಯ ಮೇಲೇ ಇತ್ತು, ಯಾರಿಗೆ ಹೇಳುವುದು ಎಂದು ತಿಳಿಯಲಿಲ್ಲ. ನಮಸ್ಕಾರ ಮಾಡಿ ಇಳಿದುಬಿಟ್ಟೆ. ಬಹುಮಾನ ಬರಲಿಲ್ಲ. ಬಸ್ಸಿನಲ್ಲಿ ಹಿಂತಿರುಗುವಾಗ ಅಪ್ಪ ಕಾರು ಕಾಣುತ್ತದೇನೋ ಎಂದು ಮುಂದಿನ ರಸ್ತೆಯನ್ನೇ ನೋಡುತ್ತಿದ್ದ. ನನ್ನೊಳಗೆ ಮಾತ್ರ ಒಂದೇ ಆಸೆ: ಅದು ಉರಿದುಹೋಗಿದ್ದರೆ ಚೆನ್ನಾಗಿತ್ತು.

ಉರಿದುಹೋಗಿರಲಿಲ್ಲ. ಬಸ್ಸು ನಿಲ್ಲುವ ಮೊದಲೇ ಅಪ್ಪ ಹಾರಿ ಓಡಿದ. ತೆರೆದೇ ಇದ್ದ ಎಡಗಡೆಯ ಬಾಗಿಲ ಮುಂದೆ ಥಟ್ಟನೆ ನಿಂತ. ನಾನು ಬ್ಯಾಗು ಹೊತ್ತು ಹಿಂದಿನಿಂದ ಬಂದು ಇಣುಕಿದೆ. ಸೀಟಿನಲ್ಲಿ ಒಂದು ಹಳೆಯ ಸೀರೆ ಮಡಿಸಿ ಹಾಸಿತ್ತು. ಅದರ ಮೇಲೆ ಆ ಕೂಸು ಮುಷ್ಟಿ ಬಿಗಿದು, ಬಾಯಿ ತೆರೆದು, ಅಂಗಾತ ನಿದ್ದೆ ಮಾಡುತ್ತಿತ್ತು. ಇನ್ನೊಬ್ಬರು! ಆ ಸೀಟಿಗೆ ಹುಟ್ಟಿದ ಇನ್ನೊಬ್ಬ ಹಕ್ಕುದಾರ, ಹಲ್ಲೂ ಬಂದಿಲ್ಲದವನು.

‘ನೆಳ್ಳೇ ಇರ್ಲಿಲ್ಲ ಕಣಣ್ಣ’ ಅಂದಳು ಸೊಸೆ ನಾಚಿಕೊಂಡು. ‘ರಾತ್ರಿಯೆಲ್ಲ ರಚ್ಚೆ ಇಡ್ದು ಕಣ್ಣೇ ಮುಚ್ಚಿರ್ಲಿಲ್ಲ. ಅಲ್ಲಿ ಮನಗ್ಸ್ತಿದ್ದಂಗೇ ನಿದ್ದೆಗ್ ಒಂಟೋಯ್ತು. ಎತ್ಕೊತೀನಿ ತಾಳಿ.’

ಬಗ್ಗಿದ ಅವಳನ್ನು ಅಪ್ಪ ಕೈಯಡ್ಡ ಹಿಡಿದು ತಡೆದ. ‘ಬ್ಯಾಡ ಬುಡವ್ವ, ಮನೀಕೊಳ್ಲಿ. ಇದು ಚಾಲೂ ಆದ್ರೆ ಊರೇ ಏಳ್ತದೆ. ಅದೇ ಎದ್ಮೇಲೆ ಓಗುವ.’

ನಾವಿಬ್ಬರೂ ರಸ್ತೆಬದಿಯಲ್ಲಿ, ಒಟ್ಟಿದ ಹುರುಳಿ ಸೊಪ್ಪಿಗೆ ಒರಗಿ ಕೂತೆವು. ಯಜಮಾನಿ ಆಚೆ ಕಾಳು ತೂರುತ್ತಿದ್ದಳು. ಇಂಜಿನ್ನು ತಣ್ಣಗಿತ್ತು, ಅಪ್ಪನಿಗೆ ಕೇಳಲು ಏನೂ ಇರಲಿಲ್ಲ. ಒಂದು ಹುರುಳಿ ಕಾಯಿಯನ್ನು ಉಗುರಿನಿಂದ ಬಿಡಿಸಿ, ಕಾಳು ಬಾಯಿಗೆ ಹಾಕಿಕೊಂಡ.

‘ಅಲ್ಲಿ ಏನೋ ಯೋಳ್ತಿದ್ದೆ. ಯಂತ್ರ ನಮ್ಗೆ ಕಾಯ್ತದೆ ಅಂತ. ನಡುವ್ಲೇ ಬುಟ್ಬುಟ್ಯಲ್ಲ.’

‘ನೀನು ಕೇಳಿಸ್ಕೊಳ್ತಾನೇ ಇರ್ಲಿಲ್ಲ.’

‘ಕೇಳಿಸ್ತು. ಆದ್ರೆ ಅದು ತಪ್ಪು.’

ನಾನು ನೆಟ್ಟಗೆ ಕೂತೆ. ಹುಟ್ಟಿದಾಗಿನಿಂದ ಅಪ್ಪ ನನ್ನ ಮಾತಿಗೆ ಎದುರು ಮಾತಾಡಿದ್ದು ಅದೇ ಮೊದಲು. ಹೂಂ ಅಂದಿದ್ದ, ಸುಮ್ಮನಿರು ಅಂದಿದ್ದ. ತಪ್ಪು ಅನ್ನಬೇಕಾದರೆ ಕೇಳಿಸಿಕೊಂಡಿರಬೇಕು.

‘ಯಾಕೆ ತಪ್ಪು?’

‘ಈಗ ಕಾಯ್ತಾ ಕೂತಿರೋರು ಯಾರು? ನಾವಲ್ವಾ?’

‘ನಾವು ಕಾಯ್ತಾ ಇರೋದು ಯಂತ್ರಕ್ಕಲ್ಲ. ಕೂಸಿಗೆ. ಯಂತ್ರಾನೂ ಅದಕ್ಕೇ ಕಾಯ್ತಾ ಅದೆ.’

ಅವನು ಯೋಚಿಸಿದ. ಹುಬ್ಬು ಗಂಟಿಕ್ಕಿತು. ನನ್ನನ್ನೇ ನೋಡುತ್ತಾ, ‘ಆಯ್ತು, ಅದೊಂದ್ ಒಪ್ಪುವ. ಆಮೇಲೆ?’ ಅಂದ.

ಕಾರಿನೊಳಗೆ ಕೂಸು ಒಮ್ಮೆ ಕೊಸರಿ, ಕಾಲಾಡಿಸಿ, ಮತ್ತೆ ನಿದ್ದೆಗೆ ಜಾರಿತು. ನಾನು ಉಸಿರು ಬಿಗಿಹಿಡಿದು ನೋಡಿದೆ. ಆಮೇಲೆ ಅಪ್ಪನ ಹತ್ತಿರ ಸರಿದು, ಅದಕ್ಕೆ ಎಚ್ಚರವಾಗದಷ್ಟು ಮೆಲ್ಲನೆಯ ದನಿಯಲ್ಲಿ, ನನ್ನ ಎರಡನೇ ವಾದವನ್ನು ಶುರುಮಾಡಿದೆ.